ಟ್ಯಾಗ್ ಕತ್ತರಿಸದ ಹಸಿರು ಗೌನು

"ಆ ಕೋಟು ಎಲ್ಲಿ ಸಿಕ್ತು ನಿಂಗೆ?"

ರೆಸಾರ್ಟಿನ ಹನ್ನೆರಡನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆಯುತ್ತಿದ್ದಂತೆ ಯಾದಿರಾಳ ಬಾಯಿಂದ ಹೊರಬಿದ್ದ ಮೊದಲ ಮಾತು ಇದು. ಒಂದು 'ಹಾಯ್' ಇಲ್ಲ, 'ಕಾದು ಸಾಕಾಯ್ತಾ' ಅಂತಿಲ್ಲ. ಎರಡು ವಾರದಿಂದ ಬಚ್ಚಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದ ಆ ನಗುವೂ ಎಲ್ಲೋ ಹೋಗಿತ್ತು!

ಎದುರಿಗೆ ಎಮೆಟ್ ನಿಂತಿದ್ದ. ನೀಟಾಗಿ ಶೇವ್ ಮಾಡಿಕೊಂಡು, ಶೂಗೆ ಪಾಲಿಶ್ ಹಾಕಿಕೊಂಡು, ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಮೈಮೇಲೆ ಕಡುಗೆಂಪು ಕೋಟು. ಕಾಲರಿಗೆ ಕಪ್ಪು ವೆಲ್ವೆಟ್, ಮುಂದೆ ಎರಡು ಸಾಲು ಹಿತ್ತಾಳೆ ಗುಂಡಿ.

ಆ ಕೋಟನ್ನು ಅವಳು ಕಣ್ಣು ಮುಚ್ಚಿಕೊಂಡು ಮುಟ್ಟಿಯೇ ಗುರುತು ಹಿಡಿಯಬಲ್ಲಳು. ಕೆಳಗಿನ ಮನರಂಜನಾ ಪಾರ್ಕಿನಲ್ಲಿ 'ದೆವ್ವದ ಹೋಟೆಲ್' ಅಂತ ಒಂದು ಸವಾರಿ ಇದೆ, ಜನರನ್ನು ಗಾಡಿಯಲ್ಲಿ ಕೂರಿಸಿ ಹೆದರಿಸುವಂಥದ್ದು. ಅಲ್ಲಿ ಬಾಗಿಲು ಕಾಯುವವರು ತೊಡುವ ಕೋಟು ಅದು. ಆ ಕೋಟು, ದೋಣಿಯವರ ಪಟ್ಟೆ ಅಂಗಿ, ಐಸ್‌ಕ್ರೀಮ್ ಗಾಡಿಯವರ ಏಪ್ರನ್... ನಾಲ್ಕು ಸಾವಿರ ನೌಕರರ ಬಟ್ಟೆಗಳೆಲ್ಲ ಇರುವುದು ಯಾದಿರಾಳ ಕೌಂಟರಿನ ಹಿಂದೆ. ಬೆಳಿಗ್ಗೆ ಕೊಡುವವಳು ಅವಳು, ಸಂಜೆ ವಾಪಸು ತೆಗೆದುಕೊಳ್ಳುವವಳು ಅವಳು, ಹರಿದರೆ ಹೊಲಿಯುವವಳೂ ಅವಳೇ.

ಆ ಬಟ್ಟೆಗಳಲ್ಲಿ ಒಂದು ಸಾಕ್ಸ್ ಕೂಡ ಗೇಟು ದಾಟುವಂತಿಲ್ಲ. ದಾಟಿದರೆ ಒಯ್ದವರ ಕೆಲಸವೂ ಹೋಯಿತು, ಕೊಟ್ಟವಳ ಕೆಲಸವೂ ಹೋಯಿತು.

ಎಮೆಟ್ ಕೋಟಿನ ಮುಂಭಾಗವನ್ನು ಒಮ್ಮೆ ಎಳೆದು ಸರಿಮಾಡಿಕೊಂಡ. "ಇದಾ? ಆಮೇಲೆ ಹೇಳ್ತೀನಿ. ಮೊದ್ಲು ಬಾ, ಐದೂವರೆ ಟೇಬಲ್ಲು. ಹತ್ತು ನಿಮಿಷ ಲೇಟಾದ್ರೆ ಬೇರೆಯವ್ರಿಗೆ ಕೊಟ್ಟುಬಿಡ್ತಾರಂತೆ."

'ಆಮೇಲೆ ಹೇಳ್ತೀನಿ' ಎಂಬ ಮಾತನ್ನು ಯಾದಿರಾ ಹಿಂದೆಯೂ ಕೇಳಿದ್ದಳು, ಇನ್ನೊಬ್ಬನ ಬಾಯಲ್ಲಿ.

*

ಇವರಿಬ್ಬರ ಕಥೆ ದೊಡ್ಡದೇನಲ್ಲ. ಎಮೆಟ್ ಪಾರ್ಕಿನಿಂದ ರೆಸಾರ್ಟಿಗೆ ಕೆರೆ ದಾಟಿಸುವ ದೋಣಿ ಓಡಿಸುತ್ತಾನೆ. ದಿನಾ ಬೆಳಿಗ್ಗೆ ಏಳಕ್ಕೆ ಪಟ್ಟೆ ಅಂಗಿ ತೆಗೆದುಕೊಳ್ಳಲು ಬರುತ್ತಾನೆ. ಅವಳು 'ಕ್ಯಾಪ್ಟನ್' ಅಂತ ಕಾಲೆಳೆಯುತ್ತಾಳೆ. ಅವನು 'ಮೇಡಂ' ಅನ್ನುತ್ತಾನೆ. ಒಂದು ದಿನ ಕಾಫಿ ತಂದ. ಮರುದಿನ ಅವಳು ಚಿಕ್ಕಮ್ಮ ಮಾಡಿದ ಪೇರಲೆ ಪೇಸ್ಟ್ರಿ ಕೊಟ್ಟಳು. ಹೀಗೇ ಎರಡು ವರ್ಷ!

ಹದಿನೈದು ದಿನದ ಹಿಂದೆ ಅವನು ಅಂಗಿ ತೆಗೆದುಕೊಂಡವನು ಹೋಗಲೇ ಇಲ್ಲ.

"ಮೇಡಂ... ಆ ಮೇಲ್ಗಡೆ ರೆಸ್ಟೋರೆಂಟ್ ಇದ್ಯಲ್ಲ, ಸಿಲ್ವರ್ ಹೆರಾನ್. ಇನ್ನೆರಡು ವಾರ ಬಿಟ್ಟು ಶುಕ್ರವಾರ ಐದೂವರೆಗೆ ಇಬ್ಬರಿಗೆ ಟೇಬಲ್ ಸಿಕ್ಕಿದೆ."

"ಓಹೋ! ಯಾರ್ನ ಕರ್ಕೊಂಡು ಹೋಗ್ತೀಯಾ ಕ್ಯಾಪ್ಟನ್?"

"ನಿನ್ನ ಮುಂದೆ ನಿಂತು ಹೇಳ್ತಿದೀನಲ್ಲ..."

ಯಾದಿರಾಳ ಕಿವಿ ಬಿಸಿಯಾಗಿತ್ತು. ಅದನ್ನು ಮುಚ್ಚಿಕೊಳ್ಳಲು ಹ್ಯಾಂಗರುಗಳನ್ನು ಆಚೀಚೆ ಸರಿಸಿದ್ದಳು.

"ಅಲ್ಲಿಗೆ ಏನು ಹಾಕ್ಕೊಂಡು ಹೋಗ್ಬೇಕು? ನನ್ನ ಹತ್ರ ಮೀನು ಹಿಡಿಯೋಕೆ ಹೋಗೋ ಬಟ್ಟೆ ಬಿಟ್ರೆ ಇನ್ನೇನೂ ಇಲ್ಲ."

"ಅಯ್ಯೋ, ಕೋಟು ಬೇಕೇಬೇಕು! ಕೋಟಿಲ್ದೆ ಹೋದ್ರೆ ಲಿಫ್ಟೇ ಮೇಲಕ್ಕೆ ಹೋಗಲ್ಲ."

ತಮಾಷೆಗೆ ಅಂದದ್ದು. ಕಾಲರ್ ಇರುವ ಅಂಗಿ, ಉದ್ದ ಪ್ಯಾಂಟು ಇದ್ದರೆ ಸಾಕಿತ್ತು. ಆದರೆ ಎಮೆಟ್ ಗಂಭೀರವಾಗಿ ತಲೆಯಾಡಿಸಿಕೊಂಡು ಹೋಗಿದ್ದ.

ಇನ್ನು ಅವಳ ಪಾಡೇನು ಕಡಿಮೆಯೇ? ನಾಲ್ಕು ಸಾವಿರ ಜನಕ್ಕೆ ಬಟ್ಟೆ ಕೊಡುವವಳಿಗೆ ತಾನು ತೊಡಲು ಒಂದು ಬಟ್ಟೆ ಇರಲಿಲ್ಲ! ಕೊನೆಗೆ ಮಾಲಿನಲ್ಲಿ ಒಂದು ಹಸಿರು ಗೌನು ಹಿಡಿಸಿತು. ನೂರ ಇಪ್ಪತ್ತೆಂಟು ಡಾಲರ್.

"ತಗೋ," ಎಂದಿದ್ದಳು ಚಿಕ್ಕಮ್ಮ ನೆರೈಡಾ. "ಟ್ಯಾಗ್ ಕೀಳ್ಬೇಡ, ಬೆನ್ನ ಹಿಂದೆ ಒಳಗಡೆ ಸೇರಿಸ್ಕೋ. ಆ ಹುಡುಗ ಸರಿ ಇಲ್ಲ ಅಂತ ಗೊತ್ತಾದ್ರೆ ಬೆಳಿಗ್ಗೆ ಹೋಗಿ ವಾಪಸ್ ಕೊಟ್ಟು ದುಡ್ಡು ಇಸ್ಕೊಂಡು ಬಾ. ಒಬ್ಬನಿಗೋಸ್ಕರ ಪಟ್ಟದ್ದು ಸಾಲ್ದಾ ನಿಂಗೆ?"

ಆ 'ಒಬ್ಬ' ಅಂದರೆ ಡಾರಿಯೋ. ನೌಕರರಿಗೆ ಕೊಡುವ ಉಚಿತ ಪಾಸುಗಳನ್ನು ಪ್ರೀತಿಯ ಮಾತಾಡಿ ಅವಳಿಂದ ಇಸಿದುಕೊಂಡು, ಗೇಟಿನ ಹೊರಗೆ ಮಾರಿಕೊಂಡವನು. ಸಿಕ್ಕಿಬಿದ್ದಾಗ ಅವನು ಪರಾರಿ, ಎಚ್ಚರಿಕೆ ಪತ್ರ ಬಂದದ್ದು ಇವಳಿಗೆ. ಆವತ್ತಿನಿಂದ ಯಾರು ಸಿಹಿಯಾಗಿ ಮಾತಾಡಿದರೂ ಯಾದಿರಾಳ ಮನಸ್ಸು ಒಂದೇ ಪ್ರಶ್ನೆ ಕೇಳುತ್ತದೆ. 'ಇವನು ಬಂದಿರೋದು ನನಗೋಸ್ಕರನಾ... ಇಲ್ಲಾ ನನ್ನ ಕೈಲಿರೋದಕ್ಕಾ?'

ನಿನ್ನೆ ಎಮೆಟ್ ಬೆಲ್ಟಿನ ಬಕಲ್ ಮುರಿದಿದೆ ಅಂತ ಬಂದಿದ್ದ. ಬೇರೆ ತರಲು ಅವಳು ಒಳಗೆ ಹೋಗಿ ಐದು ನಿಮಿಷ ತಡಮಾಡಿದ್ದಳು. ದೆವ್ವದ ಹೋಟೆಲಿನ ಕೋಟುಗಳು ಕೌಂಟರಿನಿಂದ ಕೈಗೆಟುಕುವಷ್ಟು ಹತ್ತಿರದಲ್ಲೇ ನೇತಾಡುತ್ತಿದ್ದವು.

*

ರೆಸ್ಟೋರೆಂಟಿನ ಬಾಗಿಲಲ್ಲಿ ಗಲಾಟೆ. ತೋಳಿಲ್ಲದ ಬನಿಯನ್, ಒದ್ದೆ ಚಡ್ಡಿಯಲ್ಲಿ ಒಬ್ಬ ದಪ್ಪ ಮನುಷ್ಯ ವಾದಕ್ಕೆ ನಿಂತಿದ್ದ.

"ಏನಮ್ಮಾ, ನಾನು ದುಡ್ಡು ಕೊಡಲ್ವಾ? ನೀರಿನ ಸವಾರಿ ಇಟ್ಟೋರು ನೀವು, ಒದ್ದೆ ಆದ್ರೆ ಒಳಗೆ ಬಿಡಲ್ಲ ಅನ್ನೋರೂ ನೀವೇ!"

"ಕೆಳಗಡೆ ಅಂಗಡೀಲಿ ಅಂಗಿ, ಪ್ಯಾಂಟು ಎರಡೂ ಸಿಗತ್ತೆ ಸರ್. ನಿಮ್ಮ ಟೇಬಲ್ ಹಾಗೇ ಇಟ್ಟಿರ್ತೀನಿ," ಎಂದಳು ಬಾಗಿಲ ಹುಡುಗಿ ಫಿಲಿಪಾ, ನಗು ಒಂದಿಷ್ಟೂ ಕದಲದಂತೆ. ಆಮೇಲೆ ಇವರ ಕಡೆ ತಿರುಗಿದಳು. ಕಣ್ಣು ಕೋಟಿನ ಮೇಲೆ ನಿಂತಿತು.

"ಕೋಟು ತುಂಬಾ ಚೆನ್ನಾಗಿದೆ ಸರ್. ಎಲ್ಲೋ ನೋಡಿದ ಹಾಗಿದ್ಯಲ್ಲಾ..."

ಅಷ್ಟರಲ್ಲಿ ಹಿಂದಿನಿಂದ ರಾಜಕುಮಾರಿ ಫ್ರಾಕಿನ ಪುಟ್ಟ ಹುಡುಗಿಯೊಬ್ಬಳು ಕಿರುಚಿದಳು.

"ಅಮ್ಮಾ! ದೆವ್ವದ ಹೋಟೆಲ್ ಅಂಕಲ್!"

ಎಮೆಟ್ ಆ ಮಗುವಿಗೆ ಸೊಂಟ ಬಗ್ಗಿಸಿ ಸಲಾಮು ಬೇರೆ ಹೊಡೆದ! ಯಾದಿರಾಳಿಗೆ ಅಲ್ಲೇ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು.

ಕಿಟಕಿ ಪಕ್ಕದ ಟೇಬಲ್ಲು. ಕೆಳಗೆ ಜೂನ್ ತಿಂಗಳ ಬಿಸಿಲು ಇನ್ನೂ ಹಾಗೇ ಇತ್ತು. ಅವನ ದೋಣಿ ಕೆರೆಯ ಮಧ್ಯೆ ಬೇರೆ ಯಾರದೋ ಕೈಯಲ್ಲಿ ಸಾಗುತ್ತಿತ್ತು. ಬಿಸಿ ಬ್ರೆಡ್ಡು, ಜೇನು ಬೆರೆಸಿದ ಬೆಣ್ಣೆ ಬಂದವು. ಯಾದಿರಾ ಮೆನು ತೆರೆಯಲಿಲ್ಲ.

"ಈಗ ಹೇಳಿ," ಎಂದಳು. "ಆ ಕೋಟು ಎಲ್ಲಿಂದ ತಂದ್ರಿ?"

ಎಮೆಟ್ ಬೆಣ್ಣೆ ಸವರುತ್ತಿದ್ದ ಚಾಕು ಕೆಳಗಿಟ್ಟ. "ಹೇಳಿ? ತಂದ್ರಿ? ಇದೇನಿದು ಬಹುವಚನ?"

"ನಿನ್ನೆ ಬಕಲ್ ನಿಜವಾಗ್ಲೂ ಮುರಿದಿತ್ತಾ? ಅಥವಾ ನನ್ನ ಒಳಗೆ ಕಳಿಸೋಕೆ ನೀವೇ ಮುರಿದ್ರಾ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖದ ಬಣ್ಣ ಇಳಿಯಿತು.

"ನಾನು ಕದ್ದೆ ಅಂತ... ಅಂದ್ಕೊಂಡ್ಯಾ?"

"ಇನ್ನೇನು ಅಂದ್ಕೊಳ್ಳಲಿ? ಹಳೇ ಕೋಟುಗಳನ್ನ ಪಾರ್ಕಿನವರು ಹೊರಗೆ ಕೊಡಲ್ಲ, ಕತ್ತರಿಸಿ ಹಾಕ್ತಾರೆ. ಅದು ನಂಗೆ ಗೊತ್ತು, ಹೋದ ಸಲ ನಾನೇ ಕತ್ತರಿಸಿದೀನಿ! ನಾಳೆ ಅವ್ರು ಯಾರ್ನ ಕೇಳ್ತಾರೆ? ನನ್ನ! ಎರಡು ವರ್ಷ ಕಾಫಿ ತಂದಿದ್ದು ಇದಕ್ಕೇನಾ? ಒಂದು ಕೋಟಿಗಾ?"

ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಅವಳ ಕಣ್ಣು ತುಂಬಿತ್ತು. ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. 'ಮತ್ತೆ ಮೋಸ ಹೋದೆನಲ್ಲ... ಈ ವಯಸ್ಸಲ್ಲಿ, ಮೂವತ್ತಾರಲ್ಲಿ, ಹಸಿರು ಗೌನು ಬೇರೆ ಕೇಡು ನಂಗೆ!'

ಅವಳು ಪರ್ಸ್ ಎತ್ತಿಕೊಂಡು ಎದ್ದು ನಿಂತಳು.

ಎಮೆಟ್ ತಡೆಯಲಿಲ್ಲ. ಕೂತಲ್ಲೇ ಗುಂಡಿ ಬಿಚ್ಚಿ ಕೋಟು ತೆಗೆದ. ಒಳಗೆ ಅರ್ಧ ತೋಳಿನ ಬಿಳಿ ಅಂಗಿ, ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು. ಆ ಸೆಖೆಯಲ್ಲಿ ಉಣ್ಣೆ ಕೋಟು ಹಾಕಿಕೊಂಡು ಪಾರ್ಕಿಂಗಿನಿಂದ ನಡೆದು ಬಂದಿದ್ದ ಪುಣ್ಯಾತ್ಮ! ಅವನು ಕೋಟಿನ ಎಡತೋಳನ್ನು ಒಳಮೈ ಹೊರಗೆ ಬರುವಂತೆ ತಿರುವಿ ಅವಳ ತಟ್ಟೆಯ ಪಕ್ಕ ಇಟ್ಟ.

"ನೋಡು. ನೋಡಿ ಆಮೇಲೆ ಹೋಗು."

ಕಪ್ಪು ಲೈನಿಂಗಿನ ಮೇಲೆ ಬೆರಳುದ್ದದ ಹೊಲಿಗೆ. ಹಳದಿ ದಾರ. ಅವಸರದ ಹೊಲಿಗೆ, ಕೊನೆಯಲ್ಲಿ ಎರಡು ಗಂಟು.

ಎರಡು ಗಂಟು ಹಾಕುವುದು ಯಾದಿರಾಳ ಅಭ್ಯಾಸ.

"ಮೂರು ವರ್ಷದ ಹಿಂದೆ ನಾನು ದೋಣಿಗೆ ಬರೋಕೆ ಮುಂಚೆ ದೆವ್ವದ ಹೋಟೆಲ್ ಬಾಗಿಲಲ್ಲಿದ್ದೆ. ಸೇರಿ ನಾಲ್ಕನೇ ದಿನ ಗೇಟಿಗೆ ಸಿಕ್ಕಿ ತೋಳು ಪರ್ ಅಂತ ಹರೀತು. ಸೂಪರ್‌ವೈಸರ್ ನೋಡಿದ್ರೆ ಮನೆಗೇ ಅಂತ ಓಡಿ ಬಂದೆ. ನೀನು ಸೂಜಿಗೆ ದಾರ ಬದಲಾಯಿಸೋಕೂ ಹೋಗ್ಲಿಲ್ಲ. 'ಒಳಗಡೆ ಯಾರು ನೋಡ್ತಾರೆ' ಅಂದೆ. ಹೊಲಿದೆ. 'ಓಡು' ಅಂದೆ. ನನ್ನ ಹೆಸರೂ ಕೇಳ್ಲಿಲ್ಲ."

ಯಾದಿರಾಳಿಗೆ ಅದು ನೆನಪೇ ಇರಲಿಲ್ಲ. ದಿನಕ್ಕೆ ಅಂಥವು ಹತ್ತು ಬರುತ್ತವೆ.

"ಎರಡು ವರ್ಷದ ಹಿಂದೆ ಪಾರ್ಕಿಗೆ ಇಪ್ಪತ್ತೈದು ತುಂಬ್ತು. ಆ ಒಂದು ಸಲ ಮಾತ್ರ ಹಳೇ ಬಟ್ಟೆಗಳನ್ನ ನೌಕರರಿಗೆ ಮಾರಿದ್ರು. ನಿಂಗೆ ಗೊತ್ತಿಲ್ಲ, ನೀನು ರಜೆ ಹಾಕಿದ್ದೆ. ಚಿಕ್ಕಮ್ಮನ ಮಂಡಿ ಆಪರೇಷನ್, ಎರಡು ವಾರ." ಅವನು ಕಾಲರ್ ಮಡಚಿ ತೋರಿಸಿದ. ಪಾರ್ಕಿನ ಹೆಸರಿದ್ದ ಪಟ್ಟಿಯ ಮೇಲೆ ಅಡ್ಡಲಾಗಿ ಕಪ್ಪು ಮುದ್ರೆ ಬಿದ್ದಿತ್ತು. 'ಮಾರಾಟವಾಗಿದೆ'. "ಎಂಟು ಡಾಲರ್. ಹಿಂದ್ಗಡೆ ಶೆಡ್ಡಲ್ಲಿ ಇಂಥ ನಲ್ವತ್ತು ಕೋಟು ರಾಶಿ ಹಾಕಿದ್ರು. ಒಂದೊಂದರ ತೋಳೂ ತಿರುವಿ ತಿರುವಿ ನೋಡ್ದೆ. ಮೂವತ್ತೇಳನೇದು ಇದು. ಅಲ್ಲಿದ್ದೋರೆಲ್ಲ ಇವನಿಗೆ ತಲೆ ಕೆಟ್ಟಿದೆ ಅಂದ್ಕೊಂಡ್ರು."

"ಯಾಕೆ...?" ಯಾದಿರಾ ಕೋಟಿನ ತೋಳನ್ನು ಹತ್ತಿರಕ್ಕೆ ಎಳೆದುಕೊಂಡಳು. "ಯಾಕೆ ಎಮೆಟ್?"

"ಯಾಕೆ ಅಂದ್ರೆ ಏನು ಹೇಳ್ಲಿ? ಆವತ್ತು ನನ್ನ ಕೆಲಸ ಉಳಿಸಿದ್ದು ನೀನು. ಆ ಕೋಟನ್ನ ಬೇರೆಯವ್ರು ತಗೊಂಡು ಹೋಗೋದು ನಂಗೆ ಇಷ್ಟ ಆಗ್ಲಿಲ್ಲ. ಆಮೇಲೆ ದೋಣಿಗೆ ಬಂದೆ, ಬೆಳಗಿನ ಪಾಳಿ ಸಿಕ್ತು, ದಿನಾ ನಿನ್ನ ಕೌಂಟರಿಗೆ ಬರೋದಾಯ್ತು. ಹೇಳೋಣ ಅಂತ ಬರ್ತಿದ್ದೆ, ಕಾಫಿ ಕೊಟ್ಟು ವಾಪಸ್ ಹೋಗ್ತಿದ್ದೆ. ಇವತ್ತು ಊಟ ಆದ್ಮೇಲೆ ತೋಳು ತಿರುವಿ ತೋರ್ಸಿ ಹೇಳ್ಬೇಕು ಅಂತಿದ್ದೆ." ಅವನು ತಲೆ ತಗ್ಗಿಸಿದ. "ಜೊತೆಗೆ ಕೋಟಿಲ್ದೆ ಲಿಫ್ಟ್ ಮೇಲೆ ಹೋಗಲ್ಲ ಅಂತ ನೀನೇ ಅಂದಿದ್ದೆ. ನನ್ನ ಹತ್ರ ಇರೋ ಕೋಟು ಇದೊಂದೇ."

ಯಾದಿರಾ ಧೊಪ್ಪನೆ ಕೂತುಬಿಟ್ಟಳು. ಹಳದಿ ದಾರದ ಮೇಲೆ ಬೆರಳಾಡಿಸಿದಳು. ಇಷ್ಟು ಕೆಟ್ಟ ಹೊಲಿಗೆಯನ್ನು ಯಾರಾದರೂ ಮೂರು ವರ್ಷ ನೆನಪಿಟ್ಟುಕೊಳ್ಳುತ್ತಾರೆಯೇ? ಅವಳು ಅಳುತ್ತಲೇ ನಕ್ಕಳು.

"ನಂಗೆ ಕ್ಷಮೆ ಕೇಳೋಕೂ ಬಾಯಿ ಬರ್ತಿಲ್ಲ. ನಿನ್ನ ಕಳ್ಳ ಅಂದೆನಲ್ಲೋ... ಎಲ್ಲರ ಎದುರಿಗೆ."

"ಅಂದ್ಯಲ್ಲ. ನೋವಾಯ್ತು." ಅವನು ಸುಳ್ಳು ಹೇಳಲಿಲ್ಲ. "ಆದ್ರೆ ನೀನು ಎದ್ದಾಗ ಅದಕ್ಕಿಂತ ಜಾಸ್ತಿ ನೋವಾಯ್ತು. ಈಗ ಕೂತಿದೀಯಲ್ಲ, ಅಷ್ಟು ಸಾಕು." ಆಮೇಲೆ ಕತ್ತು ಓರೆ ಮಾಡಿ ಅವಳ ಬೆನ್ನ ಕಡೆ ನೋಡಿದ. "ಅಂದ ಹಾಗೆ... ನಿನ್ನ ಬೆನ್ನ ಮೇಲೆ ಏನೋ ನೇತಾಡ್ತಿದೆ."

ಯಾದಿರಾ ಕೈ ಹಿಂದೆ ಹಾಕಿದಳು. ಟ್ಯಾಗು! ಸಿಟ್ಟಿನಲ್ಲಿ ದಡಕ್ಕನೆ ಎದ್ದಾಗ ಹೊರಗೆ ಬಂದಿತ್ತು. ನೂರ ಇಪ್ಪತ್ತೆಂಟು ಡಾಲರ್, ದಪ್ಪ ಅಕ್ಷರದಲ್ಲಿ.

ಸುಳ್ಳು ಹೇಳಬಹುದಿತ್ತು, ಮರೆತೆ ಅಂದರೆ ಮುಗಿಯುತ್ತಿತ್ತು. ಆದರೆ ಆ ಹಳದಿ ದಾರ ಕಣ್ಣೆದುರಿಗೇ ಇತ್ತು.

"ಅದು... ಈ ಗೌನು ಇನ್ನೂ ನಂದಲ್ಲ," ಎಂದಳು ತಲೆ ಎತ್ತದೆ. "ಈ ಸಂಜೆ ಕೆಟ್ಟು ಹೋದ್ರೆ ನಾಳೆ ವಾಪಸ್ ಕೊಡೋಣ ಅಂತ ಟ್ಯಾಗ್ ಒಳಗೆ ಸೇರ್ಸಿದ್ದೆ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ... ಇಲ್ಲ, ಅದೇ. ನಂಬಿಕೆ ಇರ್ಲಿಲ್ಲ. ನೋಡು ನನ್ನ ಮುಖ! ನಿನ್ನ ಕೋಟು ಎಲ್ಲಿಂದ ಬಂತು ಅಂತ ಕೇಳೋಳು ನಾನು."

ಎಮೆಟ್‌ನ ಭುಜ ಕುಲುಕತೊಡಗಿತು. ನಗು ತಡೆಯಲಾಗದೆ ನ್ಯಾಪ್ಕಿನ್ನಿನಿಂದ ಬಾಯಿ ಮುಚ್ಚಿಕೊಂಡ. ಬಾಗಿಲಲ್ಲಿ ಬನಿಯನ್ನಿನ ಮನುಷ್ಯ ಹೊಸ ಪ್ಯಾಂಟು ತೊಟ್ಟು, ನೀರುನಾಯಿ ಚಿತ್ರದ ಅಂಗಿ ಹಾಕಿಕೊಂಡು ಮುಖ ಊದಿಸಿಕೊಂಡೇ ಒಳಗೆ ಬರುತ್ತಿದ್ದ. ಅದನ್ನು ನೋಡಿ ಇಬ್ಬರಿಗೂ ಇನ್ನಷ್ಟು ನಗು ಬಂತು.

ನಗು ಇಳಿದ ಮೇಲೆ ಯಾದಿರಾ ಪರ್ಸಿನಿಂದ ಬೀಗದ ಕೈ ಗೊಂಚಲು ತೆಗೆದಳು. ಅದರಲ್ಲಿ ಮಡಚುವ ಪುಟ್ಟ ಕತ್ತರಿ, ಹೊಲಿಗೆಯವಳ ಬಳಿ ಸದಾ ಇರುವಂಥದ್ದು. ಅವನ ಕೈಗೆ ಕೊಟ್ಟು ಬೆನ್ನು ತಿರುಗಿಸಿ ಕೂತಳು.

"ಕತ್ತರಿಸು."

ಎಮೆಟ್ ಎದ್ದು ಅವಳ ಹಿಂದೆ ಬಂದ.

"ಯಾದಿ... ಕತ್ತರಿಸಿದ್ರೆ ಅಂಗಡಿಯವ್ರು ವಾಪಸ್ ತಗೊಳ್ಳಲ್ಲ."

"ಗೊತ್ತು."

"ಚಿಕ್ಕಮ್ಮ ಬೈತಾರೆ."

"ಬೈಲಿ. ನಾನು ಯಾವುದನ್ನೂ ವಾಪಸ್ ಕೊಡಲ್ಲ, ಗೌನೂ ಇಲ್ಲ, ನಿನ್ನನ್ನೂ ಇಲ್ಲ. ಕತ್ತರಿಸೋ ಅಂದ್ರೆ!"

ಕಚಕ್ ಎಂದಿತು. ಅವನು ಟ್ಯಾಗನ್ನು ಎಸೆಯಲಿಲ್ಲ. ಕೋಟಿನ ತೋಳನ್ನು ಸರಿಮಾಡಿ, ಒಳಜೇಬಿನಲ್ಲಿ ಅದನ್ನು ಇಟ್ಟು, ತನ್ನ ಕುರ್ಚಿಗೆ ಬಂದು ಕೂತ.

"ಅದ್ಯಾಕೆ ನಿಂಗೆ?"

"ಇರ್ಲಿ ಮೇಡಂ. ನಿನ್ನ ಹೊಲಿಗೆ ಜೊತೇಲಿ ಇರುತ್ತೆ."

"ಸರಿ ಕ್ಯಾಪ್ಟನ್," ಎಂದಳು ಯಾದಿರಾ, ಮೆನು ತೆರೆಯುತ್ತಾ. "ಆ ಕೋಟು ಮತ್ತೆ ಹಾಕ್ಕೋಬೇಡ, ಬೆಂದು ಹೋಗ್ತೀಯ. ಇಲ್ಲಿ ಕೋಟು ಬೇಕೇ ಇಲ್ಲ. ಆವತ್ತು ನಾನು ತಮಾಷೆಗೆ ಅಂದಿದ್ದು."