ರಾಜಕುಮಾರಿ ತಾನೇ ಎದ್ದ ಬೆಳಿಗ್ಗೆ

"ಇದು ನನ್ನ ಕಥೆಯ ಚಿತ್ರ ಅಲ್ಲ," ಎಂದು ಅವಳು ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಪ್ರೆಸ್ಸಿನಲ್ಲಿ ಅವಳು ಕರಡು ತಿದ್ದುತ್ತಾಳೆ, ನಾನು ಚಿತ್ರ ಬರೆಯುತ್ತೇನೆ. ಎರಡು ವರ್ಷದಿಂದ ಇಬ್ಬರಿಗೂ ಒಂದೇ ಕೋಣೆ, ಒಂದೇ ಕಿಟಕಿ. ಬೇರೆಯವರ ತಪ್ಪು ತಿದ್ದುತ್ತಲೇ ಅವಳು ಗುಟ್ಟಾಗಿ ಬರೆದ ಮೊದಲ ಕಥೆಯನ್ನು ಪ್ರೆಸ್ಸಿನ ಯಜಮಾನರು ಹೊಸ ಕಥಾಸಂಕಲನಕ್ಕೆ ಒಪ್ಪಿಕೊಂಡಿದ್ದರು. ಮುಳ್ಳುಬೇಲಿಯ ಕೋಟೆಯೊಳಗೆ ನೂರು ವರ್ಷ ಮಲಗಿದ ರಾಜಕುಮಾರಿಯ ಕಥೆ. ಅದನ್ನು ಅವಳು ತನ್ನ ರೀತಿಯಲ್ಲಿ ಹೇಳಿದ್ದಳು.

ಚಿತ್ರಕಾರನಿಗೆ ಇಡೀ ಹಸ್ತಪ್ರತಿ ಕೊಡುವ ರೂಢಿ ನಮ್ಮಲ್ಲಿಲ್ಲ. ಒಂದು ಚೀಟಿ ಬರುತ್ತದೆ, ಅಷ್ಟೇ. ನನಗೆ ಬಂದದ್ದರಲ್ಲಿ 'ನೂರನೆಯ ವರ್ಷದ ಕೊನೆಯ ಬೆಳಿಗ್ಗೆ, ಮಂಚ, ರಾಜಕುಮಾರಿ' ಎಂದಿತ್ತು. ಮಿಕ್ಕಿದ್ದು ನನಗೆ ಗೊತ್ತೇ ಇದೆ ಅಂದುಕೊಂಡೆ. ಮುಳ್ಳು ಕಡಿದು ಬಂದ ರಾಜಕುಮಾರ, ಬಾಗಿದ ಅವನ ಮುಖ, ಮುಚ್ಚಿದ ಅವಳ ಕಣ್ಣು. ನನ್ನ ಕೆಲಸ ಚೆನ್ನಾಗಿದೆ ಎಂದು ನನಗೇ ಅನ್ನಿಸುವುದು ಅಪರೂಪ. ಅದನ್ನು ಮುಗಿಸಿದ ದಿನ ಅನ್ನಿಸಿತ್ತು.

ಅಂಟು ಒಯ್ಯಲು ಬಂದಿದ್ದ ಬೈಂಡಿಂಗ್ ಅಕ್ಕ ಹಾಳೆ ತಿರುಗಿಸಿ ನೋಡಿದಳು. ಆಮೇಲೆ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. "ಮೂಗು ಮಾತ್ರ ಸರಿಯಾಗಿ ಕದ್ದಿದ್ದೀಯ ಕಣಪ್ಪ," ಎಂದು ಅಂಟಿನ ಡಬ್ಬಿ ಎತ್ತಿಕೊಂಡು ಹೊರಗೆ ಹೋದಳು.

ನನಗೆ ಕಂಡದ್ದೂ ಆಗಲೇ. ಮಂಚದ ಮೇಲೆ ಮಲಗಿದ್ದವಳು ಇವಳೇ. ಗಲ್ಲದ ಮಚ್ಚೆಯನ್ನೂ ಬಿಟ್ಟಿರಲಿಲ್ಲ. ಕಿವಿ ಬಿಸಿಯಾಯಿತು. ಗೊತ್ತಿಲ್ಲದೆ ಬಂದುಬಿಟ್ಟಿತು, ತಪ್ಪಾಯಿತು ಎಂದು ತೊದಲಿದೆ.

"ಮುಖ ಬಂದಿದ್ದಕ್ಕೆ ಬೇಜಾರಿಲ್ಲ. ನೀವು ನೋಡ್ತಿದ್ದಿದ್ದು ನನಗೆ ಗೊತ್ತಿತ್ತು," ಎಂದಳು. ನಗಲಿಲ್ಲ. "ಆದರೆ ಈ ಎರಡು ವರ್ಷದಲ್ಲಿ ನಾನು ಮಲಗಿದ್ದನ್ನ ಒಂದು ದಿನವಾದ್ರೂ ನೋಡಿದ್ದೀರಾ?"

ಮನೆಯಲ್ಲಿ ಅವಳ ಅಣ್ಣ ಹೇಳುವುದೂ ಈ ಚಿತ್ರದ ಮಾತನ್ನೇ ಅಂತೆ. ಯಾರಾದರೂ ಬಂದು ಕೈಹಿಡಿದರೆ ಇವಳ ಬದುಕು ಶುರುವಾಗುತ್ತದೆ ಎಂದು. ಆರಕ್ಕೆ ಎದ್ದು, ಅಮ್ಮನಿಗೆ ಔಷಧ ಕೊಟ್ಟು, ಎರಡು ಬಸ್ಸು ಹಿಡಿದು ಬರುವುದು ಬದುಕಲ್ಲವೇನೋ ಎನ್ನುವ ಹಾಗೆ. ಈ ಚಿತ್ರ ಅಚ್ಚಾದರೆ ಕಥೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದಳು.

ಯಜಮಾನರ ಹತ್ತಿರ ಹೋಗಿ ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಐದು ಗಂಟೆಗೆ ಆ ಪುಟಗಳ ಫಾರಂ ಅಚ್ಚಿನ ಮಿಷನ್ನಿಗೆ ಹೋಗುತ್ತದೆ, ಅಷ್ಟರೊಳಗೆ ಬೇರೆ ಚಿತ್ರ ಬರದಿದ್ದರೆ ಆ ಕಥೆಯೇ ಇರುವುದಿಲ್ಲ ಎಂದರು.

ಅವಳಿಂದ ಹಸ್ತಪ್ರತಿ ಕೇಳಿ ತಂದೆ. ಹನ್ನೆರಡು ಪುಟ. ಅದರಲ್ಲಿ ಮುಳ್ಳುಬೇಲಿ ಶಾಪವಲ್ಲ. ನೋಡಲು ಬರುವವರ ಕಾಟ ತಾಳದೆ ರಾಜಕುಮಾರಿ ತಾನೇ ನೆಟ್ಟು ಬೆಳೆಸಿದ್ದು. ನಿದ್ದೆ ಅವಳು ಪಡೆದುಕೊಂಡ ರಜೆ. ಸಾಕೆನಿಸಿದ ಬೆಳಿಗ್ಗೆ ಖಾಲಿ ಕೋಟೆಯಲ್ಲಿ ತಾನೇ ಏಳುತ್ತಾಳೆ. ಕೊನೆಯ ಪುಟವನ್ನು ಎರಡು ಸಲ ಓದಿದೆ. ಇಷ್ಟು ಒಂಟಿತನ ಈ ಕೋಣೆಯಲ್ಲೇ, ನನ್ನ ಎದುರೇ ಕೂತಿತ್ತೇ ಎನ್ನಿಸಿತು.

"ಎದ್ದಾಗ ಹೇಗಿರ್ತಾಳೆ?" ಎಂದು ಕೇಳಿದೆ.

"ಚೆಂದ ಇರಲ್ಲ. ಕೂದಲು ಕೆದರಿರುತ್ತೆ, ಬಾಯಿ ಒಣಗಿರುತ್ತೆ. ಒಂಚೂರು ಸಿಟ್ಟೂ ಇರುತ್ತೆ."

ಬರೆದೆ. ಬೆನ್ನು ಇನ್ನೂ ನೇರ ಇರಲಿ ಎಂದಳು, ಅಳಿಸಿ ತಿದ್ದಿದೆ. ಪಾದ ನೆಲಕ್ಕೆ ತಾಗಲಿ ಎಂದಳು, ತಾಗಿಸಿದೆ. ಮಂಚದ ಅಂಚಿನಲ್ಲಿ ಕೂತು ನೆಟ್ಟಗೆ ನನ್ನನ್ನೇ ನೋಡುವ ಹೆಂಗಸೊಬ್ಬಳು ಹಾಳೆಯ ಮೇಲೆ ಮೂಡಿದಳು. ಪೆನ್ಸಿಲ್ ಕೆಳಗಿಟ್ಟೆ.

"ನಿಮ್ಮನ್ನ ಕಂಡರೆ ನನಗೆ ಇಷ್ಟ. ಅದನ್ನ ಬಾಯಿ ಬಿಟ್ಟು ಹೇಳಬೇಕಿತ್ತು. ಕೇಳದೆ ರಾಜಕುಮಾರನಾಗಿ ಚಿತ್ರದೊಳಗೆ ನುಗ್ಗಿಬಿಟ್ಟೆ."

ಅವಳು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದರಲ್ಲಿ ನಿಮಗೆ ಜಾಗ ಇಲ್ಲ," ಎಂದಳು.

ಗೊತ್ತು ಎಂದು ತಲೆಯಾಡಿಸಿದೆ.

ಅವಳು ಎದ್ದು ಹೋಗಿ ಹಾಳೆಯನ್ನು ಯಜಮಾನರಿಗೆ ಕೊಟ್ಟು ಬಂದಳು. ತನ್ನ ಕುರ್ಚಿ ಎಳೆದು ನನ್ನ ಮೇಜಿನ ಪಕ್ಕಕ್ಕೆ ಹಾಕಿಕೊಂಡು ಕೂತಳು.

"ಇಲ್ಲಿ ಇದೆ," ಎಂದಳು.