ಅವನು ಕೈ ಎಳೆದುಕೊಂಡದ್ದು ಯಾಕೆ?

ಚಿದಂಬರ ಕೈ ಎಳೆದುಕೊಂಡ ರಭಸಕ್ಕೆ ಮಷೀನು ಮಂಚದಿಂದ ಜಾರಿ ನೆಲಕ್ಕೆ ಬಿತ್ತು.

ಅಂಟುಪಟ್ಟಿ ಯಶೋಧರಾಳ ಬೆರಳಲ್ಲೇ ಉಳಿಯಿತು. ಅವನ ಮುಂಗೈ ಹಿಡಿದು ಅದನ್ನು ಅಂಟಿಸಬೇಕು ಅನ್ನುವಷ್ಟರಲ್ಲಿ ಅವನು ಎದ್ದು ಬಾಗಿಲವರೆಗೆ ಹೋಗಿಬಿಟ್ಟಿದ್ದ.

"ನಂಗೆ ಬೇಡ," ಎಂದ. ಮುಖ ಬಿಳಿಚಿಕೊಂಡಿತ್ತು.

ಕಣಕಟ್ಟೆಯ ಆ ಮನೆಯ ನಡುಮನೆಯಲ್ಲಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅವನ ತಾಯಿ ರುದ್ರಮ್ಮ ಏನೋ ಹೇಳಲು ಬಾಯಿ ತೆರೆದರು. ಎದುರಿಗೆ ಪಕ್ಕದ ಮನೆಯ ಸುಮಿತ್ರಮ್ಮ ಕೂತಿದ್ದರು. ಅವರನ್ನು ನೋಡಿ ರುದ್ರಮ್ಮ ಸುಮ್ಮನಾದರು.

ಯಶೋಧರಾ ಬಗ್ಗಿ ಮಷೀನನ್ನು ಎತ್ತಿಕೊಂಡಳು. ಒಡೆದಿರಲಿಲ್ಲ.

'ಗೊತ್ತಾಯ್ತು ಬಿಡು... ಇಲ್ಲೂ ಅದೇ.'

ಅವಳು ಅರಸೀಕೆರೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಮಂಡಿನೋವು, ಸೊಂಟನೋವಿನವರು ಮನೆಯಲ್ಲೇ ಹಾಕಿಕೊಳ್ಳುವ ಕರೆಂಟ್ ಮಷೀನು ಕೊಂಡರೆ, ಹೋಗಿ ಮೊದಲ ಸಲ ಹಾಕಿ ತೋರಿಸಿ ಬರುವುದು ಅವಳ ಕೆಲಸ. ಮೊಬೈಲಿನಷ್ಟು ದೊಡ್ಡ ಮಷೀನು, ಎರಡು ವೈರು, ವೈರಿನ ತುದಿಗೆ ಅಂಟುಪಟ್ಟಿಗಳು. ಕಲಿತುಕೊಂಡರೆ ಸುಲಭ. ಆದರೆ ಕರೆಂಟ್ ಅನ್ನುವ ಮಾತಿಗೇ ಹಳ್ಳಿಯ ಹೆಂಗಸರು ಹೆದರುತ್ತಿದ್ದರು. ರುದ್ರಮ್ಮನೂ ಹೆದರಿದ್ದರು. ಹಾಗಾದರೆ ಮೊದಲು ನಿಮ್ಮ ಮಗನ ಕೈಗೆ ಹಾಕಿ ತೋರಿಸ್ತೀನಿ, ಆಮೇಲೆ ನಿಮಗೆ, ಎಂದು ಅವಳು ಧೈರ್ಯ ಹೇಳಿ ಚಿದಂಬರನನ್ನು ಕರೆದಿದ್ದಳು.

ಅದಕ್ಕೂ ಮುಂಚೆ ಒಂದು ಮಾತಾಗಿತ್ತು. ಬಂದು ಕೂತ ಕೂಡಲೇ ಸುಮಿತ್ರಮ್ಮ ಯಾರ ಮಗಳು, ಮನೆ ಎಲ್ಲಿ ಎಂದು ವಿಚಾರಿಸಿದ್ದರು. ಅಪ್ಪ ದೇವರಾಜ್, ಪೋಸ್ಟಾಫೀಸಿನಲ್ಲಿದ್ದು ರಿಟೈರ್ ಆದವರು, ನಮ್ಮದು ಬೌದ್ಧರ ಮನೆ ಎಂದು ಯಶೋಧರಾ ಮುಚ್ಚಿಡದೆ ಹೇಳಿದ್ದಳು. ಸುಮಿತ್ರಮ್ಮ "ಓ..." ಎಂದು ಸೆರಗು ಸರಿಮಾಡಿಕೊಂಡಿದ್ದರು. ಜಾತಿ ತಿಳಿದವರ ಬಾಯಲ್ಲಿ ಬರುವ ಆ 'ಓ' ಅವಳಿಗೆ ಚಿಕ್ಕಂದಿನಿಂದ ಪರಿಚಯ. ಅದಾದ ಮೇಲೆ ಈ ಕೈ ಎಳೆದುಕೊಂಡದ್ದು.

ಅವಳು ದನಿ ಏರಿಸಲಿಲ್ಲ. ಪಟ್ಟಿಯನ್ನು ತನ್ನ ಕೈಗೇ ಅಂಟಿಸಿಕೊಂಡು ಮಷೀನು ಹಾಕಿದಳು. "ನೋಡಿ ಅಮ್ಮ, ಇರುವೆ ಹರಿದ ಹಾಗೆ ಅನ್ನಿಸುತ್ತೆ. ಅಷ್ಟೇ."

ರುದ್ರಮ್ಮ ಒಪ್ಪಿದರು. ಪಟ್ಟಿಯನ್ನು ಮಂಡಿಯ ಎರಡೂ ಪಕ್ಕ ಅಂಟಿಸಬೇಕು, ಆಮೇಲೆ ವೈರು ಸಿಕ್ಕಿಸಬೇಕು, ಕೊನೆಗೆ ಸ್ವಿಚ್ಚು. ಸೊನ್ನೆಯಿಂದ ಶುರುಮಾಡಿ ಜುಮುಜುಮು ಅನ್ನುವವರೆಗೆ ಒಂದೊಂದೇ ಏರಿಸಬೇಕು, ನೋವಾಗುವಷ್ಟು ಬೇಡ. ಹೊತ್ತು ಮುಗಿದರೆ ತಾನೇ ನಿಲ್ಲುತ್ತದೆ. ಕುತ್ತಿಗೆಗೆ, ಎದೆಗೆ ಹಚ್ಚಬಾರದು. ಎಲ್ಲವನ್ನೂ ಅವಳು ಬಿಡಿಸಿ ಹೇಳಿದಳು.

"ಅಯ್ಯೋ, ಹಿತವಾಗೈತೆ ಕಣವ್ವ," ಎಂದು ರುದ್ರಮ್ಮ ಅವಳ ಗಲ್ಲ ಹಿಡಿದರು.

ತಾಯಿ ಮುಟ್ಟಿದರು. ಮಗ ಬಾಗಿಲಲ್ಲೇ ನಿಂತಿದ್ದ. ಬಸ್ಸಿನಲ್ಲಿ ವಾಪಸ್ಸಾಗುವಾಗ ಯಶೋಧರಾ ಅದನ್ನೇ ಯೋಚಿಸಿದಳು. ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು. ಓದಿದವನ ಹಾಗೆ ಕಾಣುತ್ತಿದ್ದ...

ವಾರದೊಳಗೆ ಅವನಿಂದಲೇ ಫೋನ್ ಬಂತು. ಪಟ್ಟಿಗಳು ಅಂಟುತ್ತಿಲ್ಲವಂತೆ. ಮಂಡಿಗೆ ಎಣ್ಣೆ ಹಚ್ಚುತ್ತಾರಾ ಎಂದು ಅವಳು ಕೇಳಿದಳು. ಅವನು ಅಮ್ಮನನ್ನು ಕೇಳಿಕೊಂಡು ಬಂದು, ದಿನಾ ಎಣ್ಣೆ ಹಚ್ಚಿ ತಿಕ್ಕಿಕೊಂಡ ಮೇಲೇ ಮಷೀನು ಹಾಕೋದಂತೆ ಎಂದ. ಅವಳಿಗೆ ನಗು ಬಂತು. ಅವನೂ ನಕ್ಕ. ಆ ನಗು ಚೆನ್ನಾಗಿತ್ತು. ಮರುಗಳಿಗೆಯೇ ಅವಳಿಗೆ ಎಲ್ಲ ನೆನಪಾಗಿ ದನಿ ಗಂಭೀರವಾಯಿತು. ಸೋಪು ಹಾಕಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಅಂಟಿಸಿ. ಎಣ್ಣೆ ಏನಿದ್ದರೂ ಮಷೀನು ತೆಗೆದ ಮೇಲೆ ಎಂದು ಹೇಳಿ ಫೋನ್ ಇಟ್ಟಳು.

ಎಣ್ಣೆ ಹತ್ತಿದ ಪಟ್ಟಿಗಳು ಕೆಟ್ಟಿದ್ದವು. ಹೊಸದಕ್ಕೆ ಚಿದಂಬರನೇ ಕ್ಲಿನಿಕ್ಕಿಗೆ ಬಂದ. ಅವನದು ಅರಸೀಕೆರೆಯಲ್ಲೇ ಕೊಬ್ಬರಿ ವ್ಯಾಪಾರ. ಅವಳು ಪೊಟ್ಟಣವನ್ನು ಅವನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಅವನು ಅದನ್ನು ಗಮನಿಸಿದ. ಅವತ್ತು ಒರಟಾಗಿ ನಡೆದುಕೊಂಡೆನೆಂದು ಇವರಿಗೆ ಇನ್ನೂ ಸಿಟ್ಟಿದೆ ಅಂದುಕೊಂಡ. ಕ್ಷಮೆ ಕೇಳಬೇಕೆಂದರೆ ಕಾರಣ ಹೇಳಬೇಕು. ಕಾರಣ ಹೇಳುವಂತಿರಲಿಲ್ಲ. ಸುಮ್ಮನೆ ಪೊಟ್ಟಣ ತೆಗೆದುಕೊಂಡು ಹೋದ.

ಹೀಗೇ ಮಳೆಗಾಲ ಕಳೆಯಿತು. ಯಶೋಧರಾ ಆಗಾಗ ಕಣಕಟ್ಟೆಗೆ ಹೋಗಿ ರುದ್ರಮ್ಮನಿಗೆ ವ್ಯಾಯಾಮ ಹೇಳಿಕೊಟ್ಟು ಬರುತ್ತಿದ್ದಳು. ಅವರು ಗೋಡೆ ಹಿಡಿಯದೆ ನಡೆಯತೊಡಗಿದರು. ಒಂದು ಭಾನುವಾರ ಹಠ ಹಿಡಿದರು. ಮಂಡಿ ಕೆಟ್ಟ ಮೇಲೆ ಹಳೇಬೀಡಿನ ದೇವಸ್ಥಾನಕ್ಕೆ ಹೋಗಿಯೇ ಇಲ್ಲ, ಮೆಟ್ಟಿಲು ಹತ್ತೋಕೆ ನೀನು ಜೊತೆಗಿದ್ದರೆ ಧೈರ್ಯ ಎಂದು. ಯಶೋಧರಾಳಿಗೆ ಇಲ್ಲ ಎನ್ನಲಾಗಲಿಲ್ಲ. ಕಾರು ಓಡಿಸಿದವನು ಚಿದಂಬರ. ದಾರಿಯುದ್ದಕ್ಕೂ ರುದ್ರಮ್ಮನೊಬ್ಬರೇ ಮಾತಾಡಿದರು.

ಗುಡಿಯ ಜಗತಿಕಟ್ಟೆಯ ಮೆಟ್ಟಿಲಲ್ಲಿ ಅವರ ಕಾಲು ಜಾರಿತು. ಇಬ್ಬರೂ ಒಟ್ಟಿಗೆ ಕೈ ಚಾಚಿ ಹಿಡಿದರು. ರುದ್ರಮ್ಮನ ಬೆನ್ನ ಹಿಂದೆ ಅವನ ಅಂಗೈ ಅವಳ ಕೈ ಮೇಲೆ ಬಿತ್ತು.

ಅವನು ಕೈ ಎಳೆದುಕೊಳ್ಳಲಿಲ್ಲ. ತಾಯಿ ಮೇಲೆ ಹತ್ತಿ ನಿಲ್ಲುವವರೆಗೂ ಹಾಗೇ ಹಿಡಿದಿದ್ದ.

ಯಶೋಧರಾಳಿಗೆ ತಲೆ ಕೆಟ್ಟಿತು. ಇವನಿಗೆ ನಾನು ಮುಟ್ಟಿದರೆ ಆಗದು ಅಂದುಕೊಂಡಿದ್ದೆ... ಹಾಗಾದರೆ ಅವತ್ತು?

ರುದ್ರಮ್ಮ ನಂದಿಯ ಎದುರು ಕೂತು ಕಣ್ಣು ಮುಚ್ಚಿಕೊಂಡರು. ಇವರಿಬ್ಬರು ಕೆರೆಯ ಕಡೆಗಿದ್ದ ಹುಲ್ಲಿನಲ್ಲಿ ನಿಂತರು. ಅವಳು ಕೇಳಿಯೇಬಿಟ್ಟಳು.

"ಅವತ್ತು ನಿಮ್ಮನೇಲಿ ಕೈ ಯಾಕೆ ಎಳ್ಕೊಂಡ್ರಿ?"

ಅವನು ಅವಳ ಕಡೆ ತಿರುಗಿದ. "ನೀವೇನಂದ್ಕೊಂಡ್ರಿ?"

"ನಾನು ಯಾರ ಮಗಳು ಅಂತ ಗೊತ್ತಾದ ಮೇಲೆ, ನಾನು ಮುಟ್ಟೋದು ನಿಮಗೆ ಬೇಡ ಅನ್ನಿಸ್ತು ಅಂದ್ಕೊಂಡೆ."

ಚಿದಂಬರ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. "ಇಷ್ಟು ದಿನಾನೂ ಹಂಗೇ ಅಂದ್ಕೊಂಡಿದ್ರಾ?"

"ಹೂಂ."

"ಮತ್ತೆ ಅಮ್ಮನ್ನ ನೋಡೋಕೆ ಯಾಕೆ ಬರ್ತಿದ್ರಿ?"

"ಅಮ್ಮ ಏನು ಮಾಡಿದ್ರು?"

ಅವನು ಅಂಗಿಯ ಮೇಲಿನ ಗುಂಡಿ ಬಿಚ್ಚಿ ಎಡ ಭುಜದ ಕೆಳಗೆ ತೋರಿಸಿದ. ಚರ್ಮದ ಕೆಳಗೆ ಸಣ್ಣ ಉಬ್ಬು, ಅದರ ಮೇಲೆ ಹಳೆಯ ಹೊಲಿಗೆಯ ಗೆರೆ. ಯಶೋಧರಾಳಿಗೆ ಹೇಳುವ ಮೊದಲೇ ಅರ್ಥವಾಯಿತು.

"ಪೇಸ್‌ಮೇಕರ್ ಐತೆ. ಕಾಲೇಜಲ್ಲಿದ್ದಾಗ ಹಾಕಿದ್ರು. ಇಂಥ ಮಷೀನ್ ಯಾವುದೂ ಮೈಗೆ ಹಚ್ಕೋಬಾರ್ದು ಅಂತ ಡಾಕ್ಟ್ರು ಆಗ್ಲೇ ಹೇಳಿದ್ರು. ಸುಮಿತ್ರಮ್ಮನ ಎದುರಿಗೆ ಹೇಳೋ ಹಂಗಿರ್ಲಿಲ್ಲ. ಇದೇ ಕಾರಣಕ್ಕೆ ಎರಡು ಕಡೆ ಸಂಬಂಧ ತಪ್ಪಿತ್ತು. ಸುಮಿತ್ರಮ್ಮನೇ ಇನ್ನೊಂದು ಸಂಬಂಧ ತರ್ತಿದ್ರು. ಗೊತ್ತಾದ್ರೆ ಊರಿಗೆಲ್ಲ ಹೇಳ್ತಾರೆ ಅಂತ ಅಮ್ಮಂಗೆ ಭಯ."

ಯಶೋಧರಾ ಕೆರೆಯ ಕಡೆ ತಿರುಗಿದಳು. ಪೇಸ್‌ಮೇಕರ್ ಇದೆಯಾ ಎಂಬುದು ಪಟ್ಟಿ ಅಂಟಿಸುವ ಮೊದಲು ಯಾರನ್ನೇ ಆದರೂ ಕೇಳಲೇಬೇಕಾದ ಪ್ರಶ್ನೆ. ರುದ್ರಮ್ಮನನ್ನು ಕೇಳಿದ್ದಳು. ಇವನನ್ನು ಕೇಳಿರಲಿಲ್ಲ. ವಯಸ್ಸಿನ ಹುಡುಗ, ಗಟ್ಟಿಮುಟ್ಟಾಗಿ ಕಂಡಿದ್ದ.

"ತಪ್ಪು ನಂದು," ಎಂದಳು. "ಕೇಳ್ಬೇಕಿತ್ತು. ನೀವು ಕೈ ಎಳ್ಕೊಳ್ಳದೇ ಹೋಗಿದ್ರೆ..."

"ಏನಾಗಿಲ್ವಲ್ಲ." ಅವನು ಗುಂಡಿ ಹಾಕಿಕೊಂಡ. "ಒಂದು ಹೇಳ್ತೀನಿ. ನೀವಂದ್ಕೊಂಡಿದ್ದು ನಮ್ಮನೇಲಿ ಇಲ್ವೇ ಇಲ್ಲ ಅಂತ ಸುಳ್ಳು ಹೇಳಲ್ಲ. ಅಪ್ಪಂಗೈತೆ. ನಂಗಿಲ್ಲ."

ಇಲ್ಲ ಎಂದಷ್ಟೇ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲವೇನೋ. ಅಪ್ಪನಿಗಿದೆ ಎಂದದ್ದಕ್ಕೇ ನಂಬಿಕೆ ಬಂತು.

ಆಮೇಲೆ ಫೋನುಗಳು ರುದ್ರಮ್ಮನ ಮಂಡಿಯಿಂದ ಶುರುವಾಗಿ ಬೇರೆಲ್ಲೋ ಮುಗಿಯತೊಡಗಿದವು. ಅವನು ಮಾರ್ಕೆಟ್ಟಿನ ಸುದ್ದಿ ಹೇಳುತ್ತಿದ್ದ. ಅವಳು ರೋಗಿಗಳ ತಮಾಷೆ ಹೇಳುತ್ತಿದ್ದಳು. ಒಂದು ದಿನ ಫೋನ್ ಬಾರದೆ ಹೋದರೆ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ ಸಾಗುತ್ತಿರಲಿಲ್ಲ. ಅದು ಏನೆಂದು ಅವಳಿಗೆ ಗೊತ್ತಿತ್ತು. ಹೆಸರಿಡಲು ಭಯವಿತ್ತು.

ಹೆಸರಿಟ್ಟವನು ಅವನು. ಬೇಲೂರಿನಲ್ಲಿ ಕ್ಲಿನಿಕ್ಕಿನವರ ಶಿಬಿರ ಮುಗಿಸಿ ಅವಳು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹುಡುಕಿಕೊಂಡು ಬಂದ. ಬಸ್ಸಿನ ಗದ್ದಲದ ನಡುವೆಯೇ, ನಿಮ್ಮನ್ನು ಮದುವೆ ಆಗಬೇಕು ಅಂತಿದೀನಿ ಎಂದ. ಅವಳು ನಿಧಾನವಾಗಿ ಹೇಳಿದಳು.

"ನಂಗೂ ಇಷ್ಟ ಇದೆ. ಆದ್ರೆ ಕದ್ದುಮುಚ್ಚಿ ಬೇಡ. ಮೊದಲು ನಿಮ್ಮನೇಲಿ ಹೇಳಿ. ಹೇಳಿದ ಮೇಲೆ ಫೋನ್ ಮಾಡಿ. ಅಲ್ಲೀವರೆಗೂ ಬೇಡ."

ಅವನು ತಲೆಯಾಡಿಸಿದ.

ಮಾರನೇ ದಿನ ಫೋನ್ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ವಾರ ಕಳೆಯಿತು... ಹೇಳಲು ಧೈರ್ಯ ಬರಲಿಲ್ಲ, ಅಥವಾ ಹೇಳಿ ಸೋತ. ಎರಡೂ ಒಂದೇ ಅಂದುಕೊಂಡಳು. ತಾನಾಗಿ ಫೋನ್ ಮಾಡಬಾರದೆಂದು ನಿರ್ಧರಿಸಿದಳು. ಮನೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದಳು, ಆದ್ದರಿಂದ ಅಪ್ಪನ ಮುಖ ನೋಡುವುದೂ ಕಷ್ಟವಾಗಿತ್ತು. ದೇವರಾಜ್ ಏನನ್ನೂ ಕೆದಕಲಿಲ್ಲ. ಬೆಳಿಗ್ಗೆ ಅವಳ ಡಬ್ಬಿಯನ್ನು ತಾವೇ ತುಂಬಿ ಕೊಡುತ್ತಿದ್ದರು.

ಕೊನೆಗೆ ಫೋನ್ ಮಾಡಿದವರು ರುದ್ರಮ್ಮ.

"ಅವ್ವ, ಚಿದಂಬರನ್ನ ಮೈಸೂರಾಸ್ಪತ್ರೆಗೆ ಸೇರ್ಸಿದೀವಿ. ಬೇಲೂರಿಂದ ಬಂದ ರಾತ್ರೀನೇ ನಿನ್ ವಿಷ್ಯ ಅಪ್ಪಂಗೆ ಹೇಳ್ದ. ಅವರು ಕೂಗಾಡುದ್ರು. ಬೆಳಗಾಗೋ ಹೊತ್ಗೆ ತಲೆ ಸುತ್ತಿ ಬಿದ್ದ. ಎದೇಲಿರೋದ್ರ ಬ್ಯಾಟ್ರಿ ಮುಗೀತಾ ಬಂದೈತಂತೆ. ಅದೇನೋ ಪರೀಕ್ಷೆ ಮಾಡ್ತಾ ಇಷ್ಟ್ ದಿನ ಮಲಗ್ಸಿದ್ರು. ನಿನಗೆ ಹೇಳಬ್ಯಾಡ, ಹೆದ್ರುಕೊಳ್ತಾಳೆ ಅಂದಿದ್ದ. ನಂಗೆ ತಡೀನಿಲ್ಲ. ನಾಳೆ ಬೇರೆದು ಹಾಕ್ತಾರೆ."

ಅವನು ಹೇಳಿದ್ದ. ಅವತ್ತೇ ಹೇಳಿದ್ದ!

ಯಶೋಧರಾ ಅಡುಗೆಮನೆಯಲ್ಲಿ ನಿಂತು ಅತ್ತಳು. ಬೆಳಿಗ್ಗೆ ದೇವರಾಜ್ ಅವಳನ್ನು ಸ್ಟೇಷನ್ನಿಗೆ ಕರೆತಂದು ಮೈಸೂರಿನ ರೈಲು ಹತ್ತಿಸಿದರು. ಕಿಟಕಿಯ ಹತ್ತಿರ ನಿಂತು ಒಂದೇ ಮಾತು ಹೇಳಿದರು.

"ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರೆ ತಲೆ ಬಗ್ಗಿಸ್ಕೊಂಡು ನಿಲ್ಬೇಡ. ಬಂದ್ಬಿಡು. ನಾನಿದೀನಿ."

ಅವಳು ತಲುಪುವಷ್ಟರಲ್ಲಿ ಅವನನ್ನು ಒಳಗೆ ಕರೆದೊಯ್ದಿದ್ದರು. ರುದ್ರಮ್ಮ ಔಷಧಿ ತರಲು ಕೆಳಗೆ ಹೋಗಿದ್ದರು. ಹೊರಗಿನ ಬೆಂಚಿನ ಮೇಲೆ ಅವನ ತಂದೆ ಗಂಗಾಧರಯ್ಯ ಒಬ್ಬರೇ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಅಳಿಸಿತ್ತು. ಅವರು ಅವಳನ್ನು ನೋಡಿದರು. ಯಾರೆಂದು ಗೊತ್ತಾಯಿತು. ಅವಳು ಗೋಡೆಗೊರಗಿ ನಿಂತಳು.

ಬಹಳ ಹೊತ್ತಾದ ಮೇಲೆ ಅವರು ಬೆಂಚಿನ ಮೇಲಿದ್ದ ಚೀಲವನ್ನು ತೆಗೆದು ನೆಲಕ್ಕಿಟ್ಟರು. ಅವಳು ಬಂದು ಕೂತಳು.

"ನೀನು ಓದಿದೋಳು," ಎಂದರು ನೆಲ ನೋಡುತ್ತಾ. "ಒಂದ್ ಹೇಳು. ನಾನು ಅವತ್ತು ಬಾಯಿಗೆ ಬಂದಂಗೆ ಕೂಗಾಡ್ದೆ. ಅದ್ಕೇ ಹಿಂಗಾಯ್ತಾ?"

ಅವರು ಯಾವ ವಿಷಯಕ್ಕೆ ಕೂಗಾಡಿದ್ದರೆಂದು ಅವಳಿಗೆ ಗೊತ್ತಿತ್ತು. ತಾನು ಉತ್ತರ ಹೇಳದೆ ಸುಮ್ಮನಿದ್ದರೆ ಆ ಮನುಷ್ಯ ತಮ್ಮನ್ನೇ ಶಪಿಸಿಕೊಂಡು ಕೂತಿರುತ್ತಾರೆ. ಅವಳಿಗೆ ಆ ಯೋಚನೆ ಬಂತು. ಬಂದು ಹೋಯಿತು.

"ಇಲ್ಲ," ಎಂದಳು. "ಬ್ಯಾಟರಿ ಹಾಕಿ ಬಹಳ ವರ್ಷ ಆಗಿತ್ತು. ಮುಗಿಯೋ ಹೊತ್ತಿಗೆ ಮುಗಿದಿದೆ. ನೀವು ಕೂಗಾಡಿದ್ದಕ್ಕಲ್ಲ."

ಗಂಗಾಧರಯ್ಯ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಅವಳು ಇನ್ನೊಂದು ಕಡೆ ನೋಡಿದಳು.

ಎಲ್ಲ ಸರಿಹೋಯಿತು ಎಂದು ಡಾಕ್ಟರು ಬಂದು ಹೇಳಿದ ಮೇಲೆ ಮೊದಲು ರುದ್ರಮ್ಮ ಒಳಗೆ ಹೋದರು. ಹೊರಗೆ ಬಂದು ಯಶೋಧರಾಳನ್ನು ಕಳಿಸಿದರು.

ಚಿದಂಬರ ಸುಸ್ತಾಗಿ ಮಲಗಿದ್ದ. ಅವಳನ್ನು ನೋಡಿ ಏಳಲು ಹೋದ. ಅವಳು ಬೇಡವೆಂದು ಕೈ ಮಾಡಿದಳು.

"ಹೇಳಿದೆ," ಎಂದ. "ಫೋನ್ ಮಾಡೋಕಾಗ್ಲಿಲ್ಲ."

"ಗೊತ್ತು. ಮಾತಾಡ್ಬೇಡಿ."

"ಅಪ್ಪ ಇದಾರಾ? ನೆನ್ನೆಯಿಂದ ಏನೂ ತಿಂದಿಲ್ಲ. ಅಮ್ಮ ಊಟಕ್ಕೆ ಕರೆದ್ರೂ ಹೋಗಿಲ್ಲ. ನೀವೊಂದ್ಸಲ ಕರೀತೀರಾ?"

"ನಾನು ಕರೆದ್ರೆ ಬರ್ತಾರಾ?"

"ಗೊತ್ತಿಲ್ಲ," ಎಂದ ಅವನು, ಇದ್ದದ್ದನ್ನು ಇದ್ದ ಹಾಗೆ.

ಅವಳು ಹೋದಳು. ಅವನು ಬಾಗಿಲನ್ನೇ ನೋಡುತ್ತಾ ಮಲಗಿದ. ಎಷ್ಟೋ ಹೊತ್ತಿನ ಮೇಲೆ ಅವಳು ತಿರುಗಿ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಬಂದ್ರಾ?"

"ಬಂದ್ರು. ಕ್ಯಾಂಟೀನಲ್ಲಿ ಎದುರಿಗೇ ಕೂತು ಊಟ ಮಾಡಿದ್ರು."

"ಏನಾದ್ರೂ ಅಂದ್ರಾ?"

"ಊಟ ಮುಗಿಯೋವರೆಗೂ ಒಂದು ಮಾತೂ ಆಡ್ಲಿಲ್ಲ. ಕೈ ತೊಳ್ಕೊಂಡು ಬಂದು ನಮ್ಮಪ್ಪನ ಫೋನ್ ನಂಬರ್ ಕೇಳಿದ್ರು."

ಚಿದಂಬರ ಅವಳ ಮುಖವನ್ನೇ ನೋಡಿದ. ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು. ಅವಳು ದುಪಟ್ಟಾದ ಅಂಚಿನಿಂದ ಒರೆಸಿದಳು.

"ಕೊಟ್ರಾ?"

"ಕೊಟ್ಟೆ."

ಅವನು ಕಣ್ಣು ಮುಚ್ಚಿದ. ನಿದ್ದೆ ಬಂತೇನೋ ಅಂದುಕೊಂಡು ಅವಳು ಎದ್ದಾಗ, ಕಣ್ಣು ತೆರೆಯದೆಯೇ ಕೇಳಿದ.

"ಸಂಜೆ ರೈಲಿಗೆ ಹೋಗ್ತೀರಾ?"

ಅವಳು ಮತ್ತೆ ಕೂತಳು.

"ಇಲ್ಲ. ಇರ್ತೀನಿ."