ಚಂದುವಿನ ಉಸಿರು

“ಅರವತ್ತು ಗ್ರಾಂ ಏರಿದ್ದಾನೆ!”

ಅಮ್ಮ ಮತ್ತು ಮಗುವಿನ ಜೊತೆ ಮಣಿಪಾಲದ ಆಸ್ಪತ್ರೆಯಿಂದ ಕಾಪುವಿನ ಮನೆಗೆ ಬಂದ ಅಪ್ಪ ಚಪ್ಪಲಿ ಬಿಚ್ಚುವ ಮೊದಲೇ ಕೂಗಿದರು. ಅಜ್ಜಿ ಕಲ್ಲುಸಕ್ಕರೆಯ ಡಬ್ಬ ತೆಗೆದರು. ಅಮ್ಮ ಪುಟ್ಟ ಚಂದುವನ್ನು ಎದೆಗೊತ್ತಿಕೊಂಡು ನಕ್ಕಳು.

“ನಾನೂ ಉದ್ದ ಆಗಿದ್ದೇನೆ. ಯೂನಿಫಾರ್ಮಿನ ಲಂಗ ಗಿಡ್ಡ ಆಗಿದೆ, ನೋಡಿ,” ಎಂದಳು ನಾಲ್ಕನೇ ಕ್ಲಾಸಿನ ಸ್ವರ್ಣಲತಾ.

“ಹೌದಾ? ಆಮೇಲೆ ನೋಡುವ ಮಾರಾಯ್ತಿ,” ಎಂದರು ಅಜ್ಜಿ.

ಸ್ವರ್ಣಲತಾ ಕಲ್ಲುಸಕ್ಕರೆಯನ್ನು ಕಟಕಟನೆ ಕಡಿದಳು. ಅರವತ್ತು ಗ್ರಾಂ ಅಂದರೆ ಎಂತ? ಒಂದು ಲಿಂಬೆಹಣ್ಣು! ಒಂದು ಲಿಂಬೆಹಣ್ಣಿಗೆ ಇಷ್ಟು ಗೌಜಿಯಾ?

ತಮ್ಮ ಚಂದು ಹುಟ್ಟಿದ್ದು ಏಳನೇ ತಿಂಗಳಿಗೆ. ಆಗ ಅವನ ಶ್ವಾಸಕೋಶ ಇನ್ನೂ ಬಲಿತಿರಲಿಲ್ಲ. ಎರಡು ತಿಂಗಳು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಕ್ಸಿಜನ್ ಕೊಟ್ಟು ಉಳಿಸಿದ್ದರು. ಜೀವ ಉಳಿಯಿತು, ಆದರೆ ಎಳೆಯ ಶ್ವಾಸಕೋಶ ನೊಂದಿತ್ತು.

“ಮೈ ಬೆಳೆದ ಹಾಗೆ ಅದೂ ಹೊಸದಾಗಿ ಬೆಳೆಯುತ್ತದೆ. ಅಲ್ಲಿಯವರೆಗೆ ಶೀತ ತಾಗಬಾರದು. ತಾಗಿದರೆ ಪುನಃ ಆಸ್ಪತ್ರೆಯೇ,” ಎಂದಿದ್ದರು ಡಾಕ್ಟರು.

ಹಾಗಾಗಿ ಸ್ವರ್ಣಲತಾ ಅಮ್ಮನ ಬದಿಯಲ್ಲಿ ಮಲಗದೆ ಮೂರು ತಿಂಗಳಾಗಿತ್ತು.

ಮರುದಿನ ಶಾಲೆಯಿಂದ ಬರುವಾಗ ಅವಳ ಮೂಗು ಸೋರುತ್ತಿತ್ತು. ಅಂಗಳದಲ್ಲೇ ಎರಡು ಸಲ ಸೀನಿ, ಮೂಗು ಒರೆಸಿಕೊಂಡು, ಕೈಕಾಲು ತೊಳೆದು ಒಳಗೆ ಬಂದಳು.

“ಲತಾ, ಅಜ್ಜಿ ದನದ ಹಟ್ಟಿಯಲ್ಲಿದ್ದಾರೆ. ನಾನು ಸ್ನಾನ ಮಾಡಿ ಬರುವವರೆಗೆ ಇವನ ಹತ್ತಿರ ಕೂರುತ್ತೀಯಾ? ಶೀತಗೀತ ಎಂತ ಇಲ್ಲ ಅಲ್ವಾ?”

ಅಮ್ಮ ಅವಳನ್ನು ಕೋಣೆಗೆ ಕರೆದು ಎಷ್ಟು ದಿನವಾಗಿತ್ತು!

“ಇಲ್ಲಮ್ಮ.”

ಅಮ್ಮನ ದಿಂಬಿನ ಪಕ್ಕದಲ್ಲಿ ಚಂದು ಮಲಗಿದ್ದ. ಅದು ನನ್ನ ಜಾಗ, ಎಂದುಕೊಂಡಳು ಸ್ವರ್ಣಲತಾ. ಒಮ್ಮೆ ಮೆಲ್ಲ ಚಿವುಟಿದರೆ? ಯಾರಿಗೂ ಗೊತ್ತಾಗಲಿಕ್ಕಿಲ್ಲ. ಅವಳು ಕೈ ಚಾಚಿದಳು.

ಆಗ ಅವನ ಎದೆ ಕಂಡಿತು. ಒಂದೊಂದು ಉಸಿರಿಗೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಗಂಟಲಿನ ಕೆಳಗೆ ಸಣ್ಣ ಗುಳಿ ಬಿದ್ದು ಬಿದ್ದು ಏಳುತ್ತಿತ್ತು. ನಿದ್ದೆಯಲ್ಲೂ ಎಂತ ಇಷ್ಟು ಅರ್ಜೆಂಟು ಇವನಿಗೆ?

ಅವಳೂ ಅವನಷ್ಟೇ ಬೇಗಬೇಗ ಉಸಿರಾಡಿ ನೋಡಿದಳು. ಒಂದು, ಎರಡು, ಮೂರು... ಮೂವತ್ತಕ್ಕೆ ತಲೆ ತಿರುಗಿತು. ಖೋಖೋದಲ್ಲಿ ಓಡಿದ ಹಾಗೆ ಎದೆ ಡವಡವ ಎಂದಿತು. ಸಾಕಪ್ಪ, ಎಂದು ನಿಲ್ಲಿಸಿದಳು.

ಚಂದು ನಿಲ್ಲಿಸಲಿಲ್ಲ. ಅವನು ನಿಲ್ಲಿಸುವ ಹಾಗೆಯೇ ಇರಲಿಲ್ಲ.

ಮೂಗಿನೊಳಗೆ ಕಚಗುಳಿ ಎದ್ದಿತು. ಸ್ವರ್ಣಲತಾ ಎರಡೂ ಕೈಯಲ್ಲಿ ಮೂಗು ಮುಚ್ಚಿಕೊಂಡು ಹೊರಗೋಡಿದಳು. ಜಗಲಿಯ ಆಚೆ ತುದಿಯಲ್ಲಿ ನಿಂತು ಸೀನಿದಳು. ಆಮೇಲೆ ಬಚ್ಚಲಿನ ಬಾಗಿಲು ಬಡಿದಳು.

“ಅಮ್ಮಾ, ಬೇಗ ಬಾ! ನನಗೆ ಶೀತ ಉಂಟು. ಆಗ ಸುಳ್ಳು ಹೇಳಿದ್ದು!”

ಅಮ್ಮ ಒದ್ದೆ ಕೂದಲಿನಲ್ಲೇ ಓಡಿ ಬಂದಳು. ಮುಖ ಬಿಳುಚಿತ್ತು.

“ಅವನನ್ನು ಮುಟ್ಟಿದೆಯಾ?”

“ಇಲ್ಲ. ಹತ್ತಿರ ಸೀನಲೂ ಇಲ್ಲ.”

ಅಮ್ಮ ಕೋಣೆಯೊಳಗೆ ಇಣುಕಿ ಚಂದುವನ್ನು ನೋಡಿದಳು. ಉದ್ದಕ್ಕೆ ಉಸಿರು ಬಿಟ್ಟು, ಸ್ವರ್ಣಲತಾಳ ಕಡೆ ತಿರುಗಿ, ತಲೆ ಸವರಲು ಕೈ ನೀಡಿದಳು.

ಸ್ವರ್ಣಲತಾ ಎರಡು ಹೆಜ್ಜೆ ಹಿಂದೆ ಸರಿದಳು.

“ಈಗ ಬೇಡಮ್ಮ. ನೀನು ಅವನನ್ನು ಎತ್ತಿಕೊಳ್ಳಲಿಕ್ಕುಂಟಲ್ಲ.”